ಒತ್ತಿದರೂ ಹೊಡೆಯದ ಬೆಲ್ಲು

ನಮ್ಮ ಅಂಗಡಿಯ ಬಾಗಿಲ ಪಕ್ಕದ ಗೋಡೆಯಲ್ಲಿ ಒಂದು ಕಾಲಿಂಗ್ ಬೆಲ್ ಸ್ವಿಚ್ ಇದೆ. ಒತ್ತಿದರೆ ಬೆಲ್ ಹೊಡೆಯುವುದಿಲ್ಲ. ಗೋಡೆಯಾಚೆ ನನ್ನ ಮೇಜಿನ ಮೇಲಿರುವ ಕಂಪ್ಯೂಟರ್ ಏಳುತ್ತದೆ. ಆಗಲೇ ಎದ್ದು ಕೆಲಸ ಮಾಡುತ್ತಿದ್ದರೆ ಮಲಗಿಬಿಡುತ್ತದೆ. ಹೊಸಬರು ಬಂದು ಒತ್ತುತ್ತಾರೆ, ಸದ್ದು ಬರಲಿಲ್ಲವೆಂದು ಇನ್ನೊಮ್ಮೆ ಒತ್ತುತ್ತಾರೆ, ಒಳಗಿನಿಂದ ನನ್ನ ಕೂಗು ಕೇಳಿದ ಮೇಲೆ ಬೆಲ್ ಸರಿಯಾಗಿಯೇ ಇದೆ ಎಂದು ಸಮಾಧಾನಪಟ್ಟುಕೊಳ್ಳುತ್ತಾರೆ. ಹದಿನೈದು ವರ್ಷಕ್ಕೂ ಮೇಲಾಯಿತು, ಇದು ಹೀಗೇ ನಡೆದು ಬಂದಿದೆ.

ಇವತ್ತು ಬೆಳಿಗ್ಗೆ ಅಣ್ಣ ಕೆಲಸಕ್ಕೆ ಹೋಗುವ ಮುಂಚೆ ಎಲೆಕ್ಟ್ರಿಷಿಯನ್ ಮಂಜಣ್ಣನಿಗೆ ಫೋನ್ ಮಾಡಿ ಹೋಗಿದ್ದಾನೆ, ನನಗೊಂದು ಮಾತೂ ಹೇಳದೆ. ಪಾರ್ಸೆಲ್ ತರುವವರು ಬೆಲ್ ಒತ್ತಿ ಒತ್ತಿ, ಮನೆಯಲ್ಲಿ ಯಾರೂ ಇಲ್ಲವೆಂದು ಬರೆದುಕೊಂಡು ವಾಪಸು ಹೋಗುತ್ತಾರೆಂಬುದು ಅವನ ಬಹುಕಾಲದ ದೂರು. ನಾನು ಒಳಗೆ ಒಗ್ಗರಣೆಯ ಮುಂದಿದ್ದೆ. ಈಚೆ ಬಂದು ನೋಡಿದರೆ ಸ್ವಿಚ್ಚಿನ ಮುಚ್ಚಳ ಕೆಳಗಿದೆ, ಗೋಡೆಯ ತೂತಿನಿಂದ ನಾಲ್ಕು ತಂತಿ ಹೊರಗೆ ನೇತಾಡುತ್ತಿವೆ, ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡು ಮಂಜಣ್ಣ ಟೀ ಕುಡಿಯಲು ಹೋಗಿದ್ದಾನೆ. ಹಿಂದಿನ ಸಲ ಗೋಡೆಗೆ ಬಣ್ಣ ಹೊಡೆದ ಪುಣ್ಯಾತ್ಮ ಮುಚ್ಚಳ ಬಿಚ್ಚಿ ಒಳಗಿನ ತಂತಿಗಳ ಮೇಲೂ ಧಾರಾಳವಾಗಿ ಬ್ರಷ್ ಆಡಿಸಿದ್ದರಿಂದ ನಾಲ್ಕೂ ಒಂದೇ ಬಿಳಿ. ಆ ತೂತಿನಿಂದ ಹಳೇ ಸುಣ್ಣದ ವಾಸನೆ, ಅದರ ಹಿಂದೆ ಬೇಯಿಸಿದ ರೇಷ್ಮೆಗೂಡಿನ ತೆಳು ವಾಸನೆ ಬಂತು. ನಾನು ಸೌಟು ಹಿಡಿದುಕೊಂಡೇ ಮೆಟ್ಟಿಲ ಮೇಲೆ ಕೂತುಬಿಟ್ಟೆ.

ನಮ್ಮೂರು ವಿಜಯಪುರ. ಗೋಳಗುಮ್ಮಟದ ವಿಜಯಪುರವಲ್ಲ, ದೇವನಹಳ್ಳಿ ತಾಲ್ಲೂಕಿನದು. ಅವರು ಹೆಸರು ಬದಲಾಯಿಸಿಕೊಂಡು ನಮ್ಮ ಹೆಸರಿಗೆ ಬಂದ ಮೇಲೆ ನಮ್ಮ ಪಾರ್ಸೆಲ್ಲುಗಳು ಒಮ್ಮೊಮ್ಮೆ ಅಲ್ಲಿಯವರೆಗೆ ಪ್ರವಾಸ ಮಾಡಿ ಬರುತ್ತವೆ. ನಮ್ಮಲ್ಲಿ ಗುಮ್ಮಟವಿಲ್ಲ, ರೇಷ್ಮೆ ಇದೆ. ಗೂಡು ಬೇಯಿಸಿ ಎಳೆ ತೆಗೆಯುವವರು ಒಂದು ಬೀದಿ, ಆ ಎಳೆಗೆ ಹುರಿ ಕೊಡುವವರು ಇನ್ನೊಂದು ಬೀದಿ. ಹುರಿಯೆಂದರೆ ಬಾಣಲೆಯಲ್ಲಿ ಹುರಿಯುವುದಲ್ಲ. ಎಳೆಯನ್ನು ತಿರುಚಿ ಗಟ್ಟಿ ಮಾಡುವುದು. ನಮ್ಮದು ಹುರಿಯ ಮನೆ. ಹಿತ್ತಲ ಶೀಟಿನ ಕೊಟ್ಟಿಗೆಯಲ್ಲಿ ಅಪ್ಪನ ಕಾಲದ ಒಂದು ಹುರಿ ಮಿಷಿನ್ ಇತ್ತು. ಅಪ್ಪ ಹೋದ ಮೇಲೆ ಅದನ್ನು ನಡೆಸುತ್ತಿದ್ದವಳು ನಮ್ಮ ದೊಡ್ಡಮ್ಮ, ಅಮ್ಮನ ಅಕ್ಕ, ಮುನಿತಾಯಮ್ಮ.

ದೊಡ್ಡಮ್ಮನ ವಿಷಯ ಹೇಳಬೇಕಾದರೆ ಎಡಹುರಿ ಬಲಹುರಿಯ ವಿಷಯ ಹೇಳಲೇಬೇಕು, ಸ್ವಲ್ಪ ಸೈರಿಸಿಕೊಳ್ಳಿ. ಎಳೆಯನ್ನು ಎಡಕ್ಕೂ ತಿರುಚಬಹುದು, ಬಲಕ್ಕೂ ತಿರುಚಬಹುದು. ಎರಡನ್ನೂ ಪಕ್ಕಪಕ್ಕ ಇಟ್ಟರೆ ನಿಮ್ಮ ಕಣ್ಣಿಗಾಗಲಿ ನನ್ನ ಕಣ್ಣಿಗಾಗಲಿ ಗೊತ್ತಾಗುವುದಿಲ್ಲ. ಹಾಗಾಗಿ ಒಂದಕ್ಕೆ, ತೊಳೆದರೆ ಬಿಟ್ಟುಹೋಗುವಂಥ ತೆಳು ಬಣ್ಣ ಹಚ್ಚಿ ಗುರುತು ಇಡುತ್ತಾರೆ. ದೊಡ್ಡಮ್ಮ ಚಿಕ್ಕವಳಿದ್ದಾಗ ಬೇರೆಯವರ ಮಿಷಿನ್ ಮನೆಯಲ್ಲಿ ಕೆಲಸಕ್ಕಿದ್ದಳು. ಒಂದು ಮಳೆಗಾಲದಲ್ಲಿ ಸುತ್ತಿಟ್ಟ ಎಳೆಯ ಒಂದಷ್ಟು ಲಡಿಗಳ ಬಣ್ಣ ಥಂಡಿಗೆ ಮಾಸಿಹೋಗಿತ್ತಂತೆ. ಇವಳು ನೋಡದೆ ಎಡದ್ದನ್ನೂ ಬಲದ್ದನ್ನೂ ಒಂದೇ ಕಟ್ಟಿಗೆ ಸೇರಿಸಿಬಿಟ್ಟಳು. ಅದು ನೇಯ್ಗೆಗೆ ಹೋಯಿತು, ಸೀರೆಯಾಯಿತು, ನೀರಿಗೆ ಹಾಕಿದ ಕೂಡಲೇ ಎಣ್ಣೆಗೆ ಬಿಟ್ಟ ಹಪ್ಪಳದ ಹಾಗೆ ಮುರುಟಿಕೊಂಡಿತು. ಮಾಲೀಕರು ಬಯ್ಯಲಿಲ್ಲವಂತೆ, ನಾಳೆಯಿಂದ ಬರಬೇಡಮ್ಮ ಅಂದರಂತೆ. ಬೈದಿದ್ದರೆ ಮರೆಯುತ್ತಿದ್ದೆ ಎಂದು ಅವಳು ಹೇಳುತ್ತಿದ್ದಳು.

ಅಲ್ಲಿಂದ ಮುಂದೆ ದೊಡ್ಡಮ್ಮನಿಗೆ ಒಂದು ಮಾತು ಅಂಟಿಕೊಂಡಿತು. ‘ಬಣ್ಣ ನೋಡ್ದ್ಯಾ ಮಗಾ?’ ಎರಡು ಎಳೆ ಸೇರಿಸುವ ಮುಂಚೆ ಕೇಳುತ್ತಿದ್ದ ಮಾತು ಬರಬರುತ್ತಾ ಎಲ್ಲದಕ್ಕೂ ಬಂತು. ಬದನೆಕಾಯಿ ತಂದರೂ ಅದೇ, ಬಸ್ಸು ಹತ್ತಿದರೂ ಅದೇ. ಸರ್ಕಾರಿ ಬಸ್ಸು ಯಾವ ಬಣ್ಣ, ಖಾಸಗಿಯದು ಯಾವ ಬಣ್ಣ ಎಂದು ಅವಳಿಗೆ ಅಕ್ಷರಕ್ಕಿಂತ ಚೆನ್ನಾಗಿ ಗೊತ್ತಿತ್ತು. ನನ್ನ ಮದುವೆಯ ವಿಷಯದಲ್ಲಿ ಮಾತ್ರ ಅವಳ ಮಾತು ಯಾರೂ ಕೇಳಲಿಲ್ಲ. ಗಂಡನ ಮನೆಯವರ ಬಣ್ಣ ಬಯಲಾಗಲು ಎರಡು ವರ್ಷ ಸಾಕಾಯಿತು; ನಾನು ಒಂದು ಸೂಟ್‌ಕೇಸ್ ಹಿಡಿದು ತವರಿಗೆ ವಾಪಸು ಬಂದೆ. ಅದು ಬೇರೆ ಪ್ರಬಂಧ, ಅದನ್ನು ನಾನು ಬರೆಯುವುದಿಲ್ಲ.

ವಾಪಸು ಬಂದವಳಿಗೆ ಮನೆಯಲ್ಲಿ ಊಟಕ್ಕೆ ಕೊರತೆಯಿರಲಿಲ್ಲ, ಪ್ರೀತಿಗೂ ಇರಲಿಲ್ಲ. ಆದರೆ ಯಾವ ಮೂಲೆಯಲ್ಲಿ ಕೂತರೂ ಅದು ಬೇರೆ ಯಾರದೋ ಜಾಗ. ಅತ್ತಿಗೆ ಕಸ ಗುಡಿಸುತ್ತಾ ಬಂದರೆ ನಾನೇ ಎದ್ದು ಸರಿಯಬೇಕು. ಬೀದಿಯ ಕಡೆಗೆ ಒಂದು ಮುಂಗೋಣೆ ಇತ್ತು, ಅಪ್ಪ ರೇಷ್ಮೆ ಎಳೆ ತೂಗುತ್ತಿದ್ದ ಕೋಣೆ. ಹುರಿಗೆ ಎಳೆ ತಂದವರು ಒತ್ತಲೆಂದು ಅವನೇ ಹಾಕಿಸಿದ ಬೆಲ್ ಸ್ವಿಚ್ ಅದರ ಬಾಗಿಲಲ್ಲಿತ್ತು. ಬೆಲ್ಲು ಯಾವಾಗಲೋ ಸತ್ತು, ಸ್ವಿಚ್ ಉಳಿದಿತ್ತು. ದೇವನಹಳ್ಳಿಯಲ್ಲಿ ಟೈಪಿಂಗ್ ಕಲಿತ ಬೆರಳು ನನಗಿದ್ದವು. ಬೆಂಗಳೂರಿನ ಯಾವುದೋ ಕಂಪನಿ ತನ್ನ ಹಳೇ ಕಂಪ್ಯೂಟರುಗಳನ್ನು ಮಾರುತ್ತಿದೆಯೆಂದು ತಿಳಿದು, ನನ್ನ ಕಿವಿಯ ಓಲೆ ಮಾರಿದ ದುಡ್ಡಿನಲ್ಲಿ ಒಂದನ್ನು ತಂದು, ಆ ಕೋಣೆಯಲ್ಲಿಟ್ಟುಕೊಂಡು ಟೈಪಿಂಗ್ ಅಂಗಡಿ ತೆರೆದೆ. ಭೂಮಿಯ ಮೇಲೆ ನನ್ನದೆಂದು ಹೇಳಿಕೊಳ್ಳುವ ಜಾಗ ಆ ಹತ್ತಡಿ ಕೋಣೆಯೊಂದೇ ಆಗಿತ್ತು.

ಅವು ಏರ್‌ಪೋರ್ಟ್ ಬರುತ್ತಿದ್ದ ವರ್ಷಗಳು. ದೇವನಹಳ್ಳಿಯ ಕಡೆಯಿಂದ ಬರುವ ಬಸ್ಸುಗಳೆಲ್ಲ ಕೆಂಪು ಧೂಳು ಮೆತ್ತಿಕೊಂಡು ಬರುತ್ತಿದ್ದವು. ಸುತ್ತಿನ ಹಳ್ಳಿಯ ಹುಡುಗ ಹುಡುಗಿಯರೆಲ್ಲ ಏರ್‌ಪೋರ್ಟಿನಲ್ಲಿ ಕೆಲಸ ಹಿಡಿಯುವವರೇ. ಎಲ್ಲರಿಗೂ ಒಂದು ಬಯೋಡೇಟಾ ಬೇಕು, ಅದು ಇಂಗ್ಲಿಷಿನಲ್ಲಿರಬೇಕು. ಹವ್ಯಾಸವೇನು ಎಂದು ನಾನು ಕೇಳಿದರೆ ತಲೆ ಕೆರೆದುಕೊಳ್ಳುತ್ತಿದ್ದರು. ಎಮ್ಮೆ ಮೇಯಿಸುವುದು ಹವ್ಯಾಸವಾಗುತ್ತದೆಯೇ ಎಂದು ಒಬ್ಬಳು ಕೇಳಿದ್ದಳು. ಪ್ರಾಣಿಪ್ರೀತಿ ಎಂದು ಹಾಕಿಕೊಟ್ಟೆ, ಅವಳಿಗೆ ಕೆಲಸವೂ ಸಿಕ್ಕಿತು. ತೊಂದರೆಯಿದ್ದದ್ದು ನನ್ನ ಕಂಪ್ಯೂಟರಿನದು. ಕಂಪನಿ ಕಂಪ್ಯೂಟರ್ ಎಂದು ನಾನು ಜಂಬದಿಂದ ಹೇಳಿಕೊಳ್ಳುತ್ತಿದ್ದ ಆ ಪೆಟ್ಟಿಗೆ ಏಳುವುದಕ್ಕೇ ಕಾಲು ಗಂಟೆ ಬೇಡುತ್ತಿತ್ತು. ಒಂದು ಫೋಟೋ ಸೇರಿಸಿದರೆ ಮೂರ್ಛೆ ಹೋಗುತ್ತಿತ್ತು. ನಿಮ್ಮಲ್ಲಿ ಪ್ರಿಂಟಾಗಿ ಬರುವಷ್ಟರಲ್ಲಿ ವಿಮಾನವೇ ಹಾರಿಹೋಗಿರುತ್ತೆ ಎಂದು ಒಬ್ಬರು ಹೇಳಿದರು. ಬಸ್ ನಿಲ್ದಾಣದ ಹತ್ತಿರ ಹೊಸ ಸೈಬರ್ ಸೆಂಟರ್ ತೆರೆದಿತ್ತು, ಜನ ಅತ್ತ ನಡೆದರು.

ಒಂದು ಭಾನುವಾರ ಊಟ ಮಾಡುತ್ತಾ ಅಣ್ಣ ವಿಷಯಕ್ಕೆ ಬಂದ. ಅವನು ಕೆಟ್ಟವನಲ್ಲ, ಇವತ್ತಿಗೂ ಅಲ್ಲ. ಸೈಟು ವ್ಯಾಪಾರದ ಬ್ರೋಕರ್ ಒಬ್ಬರು ಮುಂಗೋಣೆಯನ್ನು ಬಾಡಿಗೆಗೆ ಕೇಳುತ್ತಿದ್ದಾರೆ, ಶುಕ್ರವಾರ ರಾಹುಕಾಲಕ್ಕೆ ಮುಂಚೆ ಬಂದು ನೋಡಿ ಮಾತು ಮುಗಿಸುತ್ತಾರೆ ಎಂದ. ನಾನು ತಟ್ಟೆ ನೋಡುತ್ತಿದ್ದೆ.

‘ಆ ಡಬ್ಬ ಓಡೋ ಹಂಗಿದ್ರೆ ನಾನ್ಯಾಕೆ ಕೊಡ್ತೀನಿ ಹೇಳು ಪುಟ್ಟಿ,’ ಎಂದ. ‘ಬಾಗ್ಲು ತಕ್ಕೊಂಡು ಸುಮ್ನೆ ಕೂತಿರ್ತೀಯ. ನೋಡೋಕ್ ಆಗಲ್ಲ ನಂಗೆ.’

‘ಶುಕ್ರವಾರದೊಳಗೆ ಓಡಿಸ್ತೀನಿ,’ ಎಂದೆ. ಹೇಗೆ ಎಂಬುದು ನನಗೆ ಗೊತ್ತಿರಲಿಲ್ಲ.

ಸೋಮವಾರ ಮೊದಲ ಬಸ್ಸಿಗೆ ಬೆಂಗಳೂರಿಗೆ ಹೋದೆ. ಕಂಪ್ಯೂಟರ್ ಬಿಡಿಭಾಗ ಮಾರುವ ಬೀದಿಯಲ್ಲಿ ನಾಲ್ಕು ಅಂಗಡಿ ಹತ್ತಿಳಿದೆ. ನಾಲ್ವರೂ ಒಂದೇ ಮಾತು ಹೇಳಿದರು: ಹಳೆಯದನ್ನು ಗುಜರಿಗೆ ಹಾಕಿ, ಹೊಸದು ತೆಗೆದುಕೊಳ್ಳಿ. ಹೊಸದಕ್ಕೆ ಬೇಕಾದದ್ದು ನನ್ನಲ್ಲಿರಲಿಲ್ಲ, ಇದ್ದದ್ದು ಹಠ. ಅದೂ ಅಲ್ಲದೆ ಗುಜರಿಗೆ ಹಾಕುವುದು ನಮ್ಮ ಮನೆಯ ಪದ್ಧತಿಯಲ್ಲ. ಹಿತ್ತಲ ಹುರಿ ಮಿಷಿನ್ನಿಗೆ ಮೋಟರು ಒಂದು ಕಡೆಯದು, ಬೆಲ್ಟು ಇನ್ನೊಂದು ಕಡೆಯದು. ಎಳೆ ತಿರುಗಿಸುವ ಕದಿರುಗಳನ್ನಂತೂ ಮೂರು ಮಿಷಿನ್ನಿನಿಂದ ಕಿತ್ತು ತಂದು ಕೂರಿಸಿದ್ದರು. ಕೆಟ್ಟಿದ್ದು ಬಿಚ್ಚು, ನೆಟ್ಟಗಿದ್ದದ್ದು ಬಿಡು ಎಂಬುದು ದೊಡ್ಡಮ್ಮನ ಶಾಸ್ತ್ರ. ಐದನೆಯ ಅಂಗಡಿಯವರು ನನ್ನ ಮುಖ ನೋಡಿ ಏನನ್ನಿಸಿತೋ, ಕೂರಿಸಿ ಕೇಳಿದರು. ಮದರ್‌ಬೋರ್ಡ್, ಪ್ರೊಸೆಸರ್, ರ‍್ಯಾಮ್ ಈ ಮೂರು ಹೊಸದು ಹಾಕಿದರೆ ಸಾಕು, ಹೊರಗಿನ ಗೂಡು, ಹಾರ್ಡ್‌ಡಿಸ್ಕ್, ಸಿಡಿ ಡ್ರೈವ್, ಮಾನಿಟರ್ ಹಳೆಯದೇ ನಡೆಯುತ್ತದೆ ಎಂದರು. ಕರೆಂಟ್ ಪೆಟ್ಟಿಗೆ ಮಾತ್ರ ಹೊಸದು ಹಾಕಿದರೆ ಒಳ್ಳೆಯದು ಎಂದು ಸೇರಿಸಿದರು. ಗೋಡೆಯ ಕರೆಂಟನ್ನು ಇಳಿಸಿ ಕಂಪ್ಯೂಟರಿನ ಅಂಗಾಂಗಕ್ಕೆಲ್ಲ ಹಂಚುವ ತಗಡಿನ ಪೆಟ್ಟಿಗೆ ಅದು, ಎಸ್‌ಎಂಪಿಎಸ್ ಅನ್ನುತ್ತಾರೆ. ನಮ್ಮದು ಕಂಪನಿಯದು, ಗಟ್ಟಿಮುಟ್ಟಾಗಿದೆ, ಬೇಡ ಎಂದೆ. ಜಂಬ ಇನ್ನೂ ಪೂರ್ತಿ ಇಳಿದಿರಲಿಲ್ಲ.

ಮಂಗಳವಾರ ಎದುರಿನ ಫೋಟೋ ಸ್ಟುಡಿಯೋಗೆ ಹೋಗಿ, ಅವರ ಕಂಪ್ಯೂಟರಿನ ಪಕ್ಕದ ತಗಡು ತೆಗೆಸಿ ಒಳಗೆ ನೋಡಿದೆ. ಅವರದು ಬಿಡಿಬಿಡಿಯಾಗಿ ತಂದು ಜೋಡಿಸಿದ್ದು. ಅಣ್ಣನ ಮಗಳ ಬಣ್ಣದ ಪೆನ್ಸಿಲ್ ಡಬ್ಬಿ ಇಸಿದುಕೊಂಡು ಹೋಗಿದ್ದೆ. ಯಾವ ತಂತಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಒಂದು ನೋಟುಬುಕ್ಕಿನ ಎರಡು ಪುಟ ತುಂಬ ಬರೆದುಕೊಂಡೆ. ಕರೆಂಟ್ ಪೆಟ್ಟಿಗೆಯಿಂದ ಮದರ್‌ಬೋರ್ಡಿಗೆ ಹೋಗುವ ದೊಡ್ಡ ಪ್ಲಗ್ಗಿನ ಮೂತಿಯಲ್ಲಿ ಇಪ್ಪತ್ತು ತಂತಿ. ಇಪ್ಪತ್ತನ್ನೂ ಬಣ್ಣ ಸಮೇತ ಬರೆದೆ, ಕಿತ್ತಳೆ, ಕೆಂಪು, ಕಪ್ಪು, ಹಸಿರು, ಒಂದೂ ಬಿಡದೆ. ಬರೆದದ್ದು ಯಾಕೆ ಎಂದು ಕೇಳಿದರೆ, ಚಿತ್ರ ಚೆಂದ ಕಾಣಲಿ ಎಂದಷ್ಟೇ. ಸ್ಟುಡಿಯೋದವರು ಅದನ್ನು ಕಟ್ಟು ಹಾಕಿಸಿ ಎಂದರು.

ಬುಧವಾರ ಬೆಳಗಿನ ತಿಂಡಿ ಮುಗಿಸಿ ಕೋಣೆಯಲ್ಲಿ ಚಾಪೆ ಹಾಸಿ ಕೆಲಸಕ್ಕೆ ಕೂತೆ. ಮಿಷಿನ್ನಿಗೆ ಹಾಕಲು ಎಳೆ ಇಲ್ಲದ ದಿನವಾದ್ದರಿಂದ ದೊಡ್ಡಮ್ಮ ಬಂದು ಎದುರಿಗೆ ಕಾಲು ಚಾಚಿ ಕೂತಳು. ಅವಳಿಗೂ ನನ್ನ ಕಂಪ್ಯೂಟರಿಗೂ ಅಷ್ಟಾಗಿ ಆಗುತ್ತಿರಲಿಲ್ಲ. ಹಳೇ ಬೋರ್ಡನ್ನು ಕಳಚಿ ಪೇಪರಿನ ಮೇಲಿಟ್ಟಾಗ ಅದರ ಹೆಸರು ಕೇಳಿದಳು. ಹೇಳಿದೆ. ಅರ್ಥವನ್ನೂ ಹೇಳಿದೆ.

‘ತಾಯೀನೇ ಬದಲಾಯಿಸ್ಬಿಟ್ರೆ ಇನ್ನೇನೇ ಉಳ್ಯೋದು?’ ಎಂದಳು.

ಉಳಿಯುವುದನ್ನು ಒಂದೊಂದಾಗಿ ತೋರಿಸಿದೆ. ಅವಳಿಗೆ ಸಮಾಧಾನವಾದಂತೆ ಕಾಣಲಿಲ್ಲ. ನಾನು ಹೊಸ ಬೋರ್ಡನ್ನು ಕೂರಿಸಿದೆ. ಆರು ಸ್ಕ್ರೂ ತೂತಿನಲ್ಲಿ ನಾಲ್ಕು ಹೊಂದಿದವು, ಎರಡು ಹೊಂದಲಿಲ್ಲ. ಇರಲಿ, ನಾಲ್ಕೇ ಸಾಕು ಎಂದುಕೊಂಡೆ. ಪ್ರೊಸೆಸರನ್ನು ಉಸಿರು ಬಿಗಿಹಿಡಿದು ಇಟ್ಟೆ. ರ‍್ಯಾಮ್ ಕಟಕ್ಕೆಂದು ಕೂತಿತು. ಇನ್ನು ಉಳಿದದ್ದು ಆ ಇಪ್ಪತ್ತು ತಂತಿಯ ದೊಡ್ಡ ಮೂತಿ. ಹಳೇ ಕರೆಂಟ್ ಪೆಟ್ಟಿಗೆಯ ಮೂತಿ ಹೊಸ ಬೋರ್ಡಿನ ಬಾಯಿಗೆ ಅಳತೆ ತೆಗೆದು ಮಾಡಿದ ಹಾಗೆ ಸಲೀಸಾಗಿ ಹೋಗಿ ಕೂತಿತು. ನನಗೆ ಕುಣಿಯುವಷ್ಟು ಖುಷಿ. ಎರಡು ದಿನ ಮೊದಲೇ ಮುಗಿಯಿತು ಎಂದುಕೊಂಡು ಕರೆಂಟ್ ಸ್ವಿಚ್ಚಿನ ಕಡೆಗೆ ಕೈ ಚಾಚಿದೆ.

‘ಬಣ್ಣ ನೋಡ್ದ್ಯಾ ಮಗಾ?’ ಎಂದಳು ದೊಡ್ಡಮ್ಮ.

ಅವಳ ತೊಡೆಯ ಮೇಲೆ ನನ್ನ ನೋಟುಬುಕ್ ತೆರೆದಿತ್ತು. ಕನ್ನಡಕವನ್ನು ಮೂಗಿನ ತುದಿಗೆ ತಂದುಕೊಂಡು ಒಮ್ಮೆ ಚಿತ್ರವನ್ನೂ ಒಮ್ಮೆ ಮೂತಿಯನ್ನೂ ನೋಡುತ್ತಿದ್ದಳು. ಮೂತಿ ಸರಿಯಾಗಿ ಕೂತಿದೆ ದೊಡ್ಡಮ್ಮ, ಬಣ್ಣದಲ್ಲೇನಿದೆ, ಎಂದೆ. ನನ್ನ ದನಿಯಲ್ಲಿ ಸ್ವಲ್ಪ ರೇಗುವಿಕೆಯೂ ಇತ್ತು, ಸುಳ್ಳು ಹೇಳುವುದಿಲ್ಲ.

‘ಕೂರೋದೆಲ್ಲ ಸರಿಯಾಗೇ ಕೂರುತ್ತೆ ಕಣೆ. ಎಡದ್ದೂ ಬಲದ್ದೂ ಒಂದೇ ಕಟ್ಟಲ್ಲಿ ಚೆನ್ನಾಗೇ ಕೂತಿತ್ತು. ಇಲ್ಲಿ ಮೂಲೇಲಿ ನೀನು ಕಿತ್ತಳೆ ಬರ್ದಿದ್ದೀಯ. ಅಲ್ಲಿ ಕೆಂಪೈತೆ. ನೀನು ಬರ್ದಿದ್ದು ತಪ್ಪೋ, ಅದು ತಪ್ಪೋ? ಎರಡರಲ್ಲೊಂದು ಹೇಳು.’

ಕೈ ಹಿಂದಕ್ಕೆ ತೆಗೆದುಕೊಂಡೆ. ಮೂತಿಯನ್ನು ಕಿತ್ತು ಚಿತ್ರದ ಪಕ್ಕದಲ್ಲಿ ಹಿಡಿದೆ. ಕಿತ್ತಳೆ ಇರಬೇಕಾದಲ್ಲೆಲ್ಲ ಬೇರೆಯೇ ಇತ್ತು. ಆ ಮೂತಿಯಲ್ಲಿ ಕಿತ್ತಳೆ ಬಣ್ಣದ ತಂತಿಯೇ ಇರಲಿಲ್ಲ. ಸ್ಟುಡಿಯೋದವರ ಫೋನಿನಿಂದ ಅಂಗಡಿಯವರಿಗೆ ಫೋನ್ ಮಾಡಿ ಬಣ್ಣಗಳನ್ನು ಒಂದೊಂದಾಗಿ ಓದಿ ಹೇಳಿದೆ. ಅವರು ತಕ್ಷಣ, ಕರೆಂಟ್ ಕೊಟ್ಟಿರಾ ಎಂದು ಕೇಳಿದರು. ಇಲ್ಲ ಎಂದೆ. ಕೊಟ್ಟಿದ್ದರೆ ಬೋರ್ಡು, ಪ್ರೊಸೆಸರು ಎರಡೂ ಒಂದೇ ಏಟಿಗೆ ಸುಟ್ಟು ಹೋಗುತ್ತಿದ್ದವಂತೆ. ಆ ಕಾಲದ ಕೆಲವು ಕಂಪನಿಗಳು ಮೂತಿಯನ್ನು ಎಲ್ಲರ ಹಾಗೇ ಇಟ್ಟು ಒಳಗಿನ ತಂತಿಗಳನ್ನು ಮಾತ್ರ ತಮಗೆ ಬೇಕಾದಂತೆ ಅದಲು ಬದಲು ಮಾಡುತ್ತಿದ್ದವಂತೆ. ನಿಮಗೆ ಹೇಗೆ ಗೊತ್ತಾಯಿತು ಮೇಡಂ ಎಂದು ಕೇಳಿದರು. ನಮ್ಮ ದೊಡ್ಡಮ್ಮ ನೋಡಿದರು ಎಂದೆ. ಅವರು ಎಂಜಿನಿಯರಾ ಎಂದರು. ಹುರಿ ಮಿಷಿನ್ನಿನವರು ಎಂದೆ, ಆ ಕಡೆಯವರಿಗೆ ಅರ್ಥವಾಗಲಿಲ್ಲ.

ಆ ಮಧ್ಯಾಹ್ನ ನನಗೆ ಅನ್ನ ಇಳಿಯಲಿಲ್ಲ. ಆ ಒಂದು ಮೂತಿಯ ಜೊತೆಗೆ ಕೋಣೆಯೂ ಹೋಗಿರುತ್ತಿತ್ತು, ನಾನು ಮತ್ತೆ ಅತ್ತಿಗೆಯ ಪೊರಕೆಗೆ ದಾರಿ ಬಿಡುತ್ತಾ ಸರಿಯುತ್ತಿರುತ್ತಿದ್ದೆ. ದೊಡ್ಡಮ್ಮ ಮಾತ್ರ ತಾನೇನೂ ಮಾಡಿಲ್ಲವೆಂಬಂತೆ ಎಲೆಯಡಿಕೆ ಹಾಕಿಕೊಂಡು ಮಲಗಿದಳು. ಎಷ್ಟೋ ವರ್ಷದ ಹಿಂದೆ ತಾನು ನೋಡದೇ ಹೋದದ್ದನ್ನು ಅವಳು ಆ ದಿನ ನೋಡಿದ್ದಳು. ಅದು ನನಗೆ ಆಗ ಹೊಳೆಯಲಿಲ್ಲ, ನನ್ನದೇ ಚಿಂತೆ ನನಗೆ.

ಗುರುವಾರ ಮತ್ತೆ ಮೊದಲ ಬಸ್ಸು, ಮತ್ತೆ ಐದನೆಯ ಅಂಗಡಿ, ಒಂದು ಹೊಸ ಕರೆಂಟ್ ಪೆಟ್ಟಿಗೆ. ಅಂಗಡಿಯಲ್ಲೇ ನೋಟುಬುಕ್ ತೆಗೆದು ಇಪ್ಪತ್ತು ತಂತಿಯನ್ನೂ ಹೋಲಿಸಿ ನೋಡಿದ ಮೇಲೇ ಕಟ್ಟಿಸಿಕೊಂಡೆ. ಮಧ್ಯಾಹ್ನ ಮನೆಗೆ ಬಂದು ನೋಡಿದರೆ ಆ ಪೆಟ್ಟಿಗೆ ಕಂಪ್ಯೂಟರಿನ ಹಳೇ ಗೂಡಿನೊಳಗೆ ಹೋಗಲೊಲ್ಲದು. ಒಂದು ಬೆರಳಷ್ಟು ಉದ್ದ, ಸ್ಕ್ರೂ ತೂತು ಒಂದೂ ಎದುರಾಗುವುದಿಲ್ಲ. ಅಳುವಂತಾಯಿತು, ಅಳಲಿಲ್ಲ. ಗೂಡಿನ ಮೇಲ್ಭಾಗದ ತಗಡನ್ನೇ ತೆಗೆದು, ಪೆಟ್ಟಿಗೆಯನ್ನು ಅರ್ಧ ಒಳಗೆ ಅರ್ಧ ಹೊರಗೆ ಕೂರಿಸಿ, ಕಟ್ಟಲು ಹಗ್ಗ ಹುಡುಕಿದೆ. ಪ್ಲಾಸ್ಟಿಕ್ ದಾರ ಬಿಸಿಗೆ ಕರಗೀತು, ಕಬ್ಬಿಣದ ತಂತಿ ಯಾವುದಕ್ಕಾದರೂ ತಾಗೀತು. ದೊಡ್ಡಮ್ಮ ಹಿತ್ತಲಿಗೆ ಹೋಗಿ ಉಳಿಕೆ ರೇಷ್ಮೆ ತಂದಳು. ಎಡಹುರಿಯ ಎಳೆಗಳನ್ನೇ ಆರಿಸಿ, ಒಂದು ತುದಿಯನ್ನು ಕಾಲ್ಬೆರಳಿಗೆ ಸಿಕ್ಕಿಸಿಕೊಂಡು ಬಲಕ್ಕೆ ಹೊಸೆದಳು. ಎಡಕ್ಕೆ ತಿರುಚಿದ್ದನ್ನು ಬಲಕ್ಕೆ ಹೊಸೆದರೆ ಮಾತ್ರ ಹಗ್ಗ ತಾನಾಗಿ ಬಿಚ್ಚಿಕೊಳ್ಳುವುದಿಲ್ಲವಂತೆ. ಹೀಗೆ ಇಡೀ ದೇವನಹಳ್ಳಿ ತಾಲ್ಲೂಕಿನಲ್ಲಿ ರೇಷ್ಮೆ ಉಡಿದಾರ ಕಟ್ಟಿಕೊಂಡ ಕಂಪ್ಯೂಟರ್ ನನ್ನದೊಂದೇ ಆಯಿತು.

ಕೊನೆಯ ತೊಡಕು ಪವರ್ ಬಟನ್ನಿನದು. ಹಳೇ ಗೂಡಿನ ಬಟನ್ನಿನ ತಂತಿ ಅಗಲವಾದ ವಿಚಿತ್ರ ಮೂತಿಯಲ್ಲಿ ಕೊನೆಯಾಗುತ್ತಿತ್ತು, ಹೊಸ ಬೋರ್ಡಿನಲ್ಲಿ ಅದಕ್ಕಿದ್ದದ್ದು ಎರಡೇ ಎರಡು ಸಣ್ಣ ಮುಳ್ಳು. ಆ ಎರಡನ್ನು ಒಂದು ಕ್ಷಣ ತಾಗಿಸಿ ಬಿಟ್ಟರೆ ಸಾಕು, ಕಂಪ್ಯೂಟರ್ ಏಳುತ್ತದೆ ಎಂದು ಅಂಗಡಿಯವರು ಹೇಳಿದ್ದರು. ಗಿರಾಕಿಗಳ ಮುಂದೆ ದಿನಾ ಸ್ಕ್ರೂಡ್ರೈವರ್ ಹಿಡಿದು ಮುಳ್ಳು ತಾಗಿಸುತ್ತಾ ಕೂರಲಾಗುತ್ತದೆಯೇ? ಸಂಜೆ ಇದೇ ಮೆಟ್ಟಿಲ ಮೇಲೆ ಕೂತು ಯೋಚಿಸುತ್ತಿದ್ದಾಗ ಅಪ್ಪನ ಬೆಲ್ ಸ್ವಿಚ್ ಕಣ್ಣಿಗೆ ಬಿತ್ತು. ಒತ್ತಿದಾಗ ಎರಡು ತಂತಿ ಒಂದು ಕ್ಷಣ ತಾಗಿಸಿ ಬಿಡುವುದು. ಅದೂ ಮಾಡುವುದು ಅದನ್ನೇ ಅಲ್ಲವೇ! ಮೇಜು ಇದ್ದದ್ದು ಅದೇ ಗೋಡೆಯ ಒಳಮಗ್ಗುಲಿಗೆ.

ಶುಕ್ರವಾರ ಬೆಳಿಗ್ಗೆ ಫ್ಯೂಸ್ ಕಿತ್ತು, ಸ್ವಿಚ್ಚಿಗೆ ಬಂದಿದ್ದ ಹಳೇ ಬೆಲ್ಲಿನ ಎರಡು ತಂತಿ ಬಿಚ್ಚಿ, ಟೇಪು ಸುತ್ತಿ ಗೋಡೆಯೊಳಗೆ ತುರುಕಿದೆ. ಬೋರ್ಡಿನ ಎರಡು ಮುಳ್ಳಿನಿಂದ ಎರಡು ಸಣ್ಣ ತಂತಿ ಎಳೆದು ಆ ಜಾಗಕ್ಕೆ ಸೇರಿಸಿದೆ. ಫ್ಯೂಸ್ ಹಾಕಿದೆ. ಗಂಟೆ ಹತ್ತಾಗಿತ್ತು. ಶುಕ್ರವಾರ ರಾಹುಕಾಲ ಹತ್ತೂವರೆಗೆ, ಅಷ್ಟರೊಳಗೆ ಒತ್ತಿಬಿಡು ಎಂದು ದೊಡ್ಡಮ್ಮ ಎರಡು ಸಲ ಹೇಳಿದಳು. ನನಗೆ ಬೆರಳು ಏಳಲಿಲ್ಲ. ಐದು ದಿನ ಹಠ ಹಿಡಿದು ಓಡಾಡಿದವಳು ಒಂದು ಬಟನ್ನಿಗೆ ಹೆದರಿ ಕುರ್ಚಿಯಲ್ಲಿ ಕೂತಿದ್ದೆ.

ಅಷ್ಟರಲ್ಲಿ ಹೊರಗೆ ಚಪ್ಪಲಿ ಸದ್ದು. ಅಣ್ಣನ ಜೊತೆ ಬಿಳಿ ಅಂಗಿಯ ಬ್ರೋಕರ್ ಬಂದಿದ್ದರು. ಬಾಗಿಲು ಪೂರ್ತಿ ತೆರೆದೇ ಇತ್ತು. ಆದರೂ ಒಳಗೆ ಹೆಣ್ಣುಮಕ್ಕಳಿದ್ದಾರೆಂಬ ಮರ್ಯಾದೆಗೆ ಆ ಮನುಷ್ಯ ಹೊರಗೇ ನಿಂತು ಬೆಲ್ ಒತ್ತಿದರು.

ಪುಟ್ಟ ಹಸಿರು ದೀಪ ಹತ್ತಿತು. ಫ್ಯಾನು ಗುಂಯ್ ಎಂದಿತು. ಬೋರ್ಡು ಒಂದೇ ಒಂದು ಸಲ ಬೀಪ್ ಎಂದಿತು, ಪರದೆಯ ಮೇಲೆ ಬಿಳಿ ಅಕ್ಷರಗಳು ಓಡಿದವು, ಅವುಗಳ ನಡುವೆ ನನ್ನ ಹಳೇ ಹಾರ್ಡ್‌ಡಿಸ್ಕಿನ ಹೆಸರೂ ಬಂತು. ಓಡುತ್ತಲ್ಲೇ ಎಂದು ಅಣ್ಣ ಬಾಗಿಲಲ್ಲೇ ನಿಂತ. ಆಮೇಲೆ ಇಡೀ ಪರದೆ ನೀಲಿಯಾಗಿ ನಿಂತುಬಿಟ್ಟಿತು. ಹಳೇ ಡಿಸ್ಕಿಗೆ ಹೊಸ ಬೋರ್ಡಿನ ಗುರುತು ಸಿಕ್ಕಿರಲಿಲ್ಲ. ಬ್ರೋಕರ್ ಬಗ್ಗಿ ನೋಡಿ, ಚೆನ್ನಾಗಿದೆ, ಬಣ್ಣ ಒಳ್ಳೇ ಕ್ಲಿಯರ್ ಆಗಿದೆ ಎಂದರು.

ದೊಡ್ಡಮ್ಮ ನನ್ನ ಕಿವಿಯ ಹತ್ತಿರ ಬಾಗಿದಳು. ‘ಆ ನೀಲಿ ಇರ್ಬೇಕಾದ್ದಾ ಮಗಾ?’

‘ಇಲ್ಲ ದೊಡ್ಡಮ್ಮ.’

‘ಹಂಗಾದ್ರೆ ಸುಮ್ನಿರು.’

ಆಯ್ತಾ ಪುಟ್ಟಿ ಎಂದು ಅಣ್ಣ ಕೇಳಿದ. ಆಯ್ತು ಎಂದೆ, ಅವನ ಕಣ್ಣಲ್ಲಿ ಕಣ್ಣಿಟ್ಟು. ನನ್ನ ಜೀವಮಾನದಲ್ಲಿ ಅಷ್ಟು ಗಟ್ಟಿಯಾಗಿ ಸುಳ್ಳು ಹೇಳಿದ್ದು ಅದೊಂದೇ ಸಲ. ಅಣ್ಣ ಬ್ರೋಕರನ್ನು ಕರೆದುಕೊಂಡು, ಬೇರೆ ಕಡೆ ಒಂದು ಕೋಣೆ ನೋಡೋಣ ಬನ್ನಿ ಎನ್ನುತ್ತಾ ಬೀದಿಗಿಳಿದ. ನಾನು ಬಾಗಿಲು ಮುಂದೆ ಮಾಡಿ, ಸಿಡಿ ಹಾಕಿ, ರಿಪೇರಿ ಎಂಬ ಕಡೆ ಒತ್ತಿ, ಆ ಸುಳ್ಳನ್ನು ನಿಜ ಮಾಡುವುದಕ್ಕೆ ಕೂತೆ. ಮಧ್ಯಾಹ್ನ ಮೂರಕ್ಕೆ ನಿಜವಾಯಿತು. ನನ್ನ ಹಳೇ ಕಡತಗಳೆಲ್ಲ ಇದ್ದಲ್ಲೇ ಇದ್ದವು, ಎಮ್ಮೆಯ ಹುಡುಗಿಯ ಬಯೋಡೇಟಾ ಸಮೇತ. ಮುಂದಿನ ತಿಂಗಳು ಅದೇ ಬ್ರೋಕರ್ ಬಂದು, ಏರ್‌ಪೋರ್ಟಿಗೆ ಕೇವಲ ಹತ್ತು ನಿಮಿಷ ಎಂಬ ಕರಪತ್ರ ಟೈಪ್ ಮಾಡಿಸಿಕೊಂಡು ಹೋದರು. ಆ ಸೈಟು ಇದ್ದದ್ದು ಚಿಂತಾಮಣಿಯ ಕಡೆಗೆ. ಹತ್ತು ನಿಮಿಷ ವಿಮಾನದಲ್ಲಿ ಇರಬೇಕು ಎಂದು ಅಣ್ಣ ನಕ್ಕ.

ಆಮೇಲೆ ವಿಮಾನಗಳು ಬಂದವು, ಮೊದಮೊದಲು ಎಲ್ಲರೂ ತಲೆಯೆತ್ತಿ ನೋಡಿದೆವು, ಆಮೇಲೆ ಬಿಟ್ಟೆವು. ನನ್ನ ಕಂಪ್ಯೂಟರನ್ನು ನಾನೇ ಮತ್ತೆ ಮತ್ತೆ ಬಿಚ್ಚಿದೆ, ಜೋಡಿಸಿದೆ. ಒಂದು ಸಲ ಡಿಸ್ಕ್, ಒಂದು ಸಲ ಮಾನಿಟರ್, ಇನ್ನೊಂದು ಸಲ ಆ ತಾಯಿಯೂ ಬದಲಾದಳು. ರೇಷ್ಮೆಯ ಉಡಿದಾರ ಕಟ್ಟಿಕೊಂಡಿದ್ದ ಗೂಡು ತುಕ್ಕು ಹಿಡಿದು ಹೋಯಿತು. ಪ್ರತಿ ಸಲವೂ ಆ ಎರಡು ಸಣ್ಣ ತಂತಿಯನ್ನು ಮಾತ್ರ ಹೊಸ ಬೋರ್ಡಿನ ಎರಡು ಮುಳ್ಳಿಗೆ ಸಿಕ್ಕಿಸಿದ್ದೇನೆ. ಬೇರೆ ಬಟನ್ ಇದ್ದರೂ ಸಿಕ್ಕಿಸಿದ್ದೇನೆ. ಕೊರೋನಾಕ್ಕೆ ಹಿಂದಿನ ವರ್ಷ ದೊಡ್ಡಮ್ಮ ಹೋದಳು. ಅವಳ ಮಿಷಿನ್ನನ್ನು ಕೊನೆಗೂ ಗುಜರಿಯವರೇ ಒಯ್ದರು. ಹಿತ್ತಲಿಗೆ ಹೋದರೆ ಈಗಲೂ ನನಗೆ ಸಂಕಟವಾಗುತ್ತದೆ, ಸದ್ದಿಲ್ಲದ ಜಾಗ ಅದು.

ಟೀ ಮುಗಿಸಿ ಮಂಜಣ್ಣ ಬಂದ. ನನಗಿಂತ ಹತ್ತು ವರ್ಷವಾದರೂ ದೊಡ್ಡವನು, ಮೀಸೆ ಪೂರ್ತಿ ಹಣ್ಣಾಗಿದೆ, ಊರಿಗೆಲ್ಲ ತಂತಿ ಎಳೆದವನು. ಹೊಸ ಬೆಲ್ಲನ್ನು ಆಗಲೇ ನಡುಮನೆಯಲ್ಲಿ ಕೂರಿಸಿ ಹಳೇ ತಂತಿಗೆ ಸೇರಿಸಿದ್ದೇನೆ, ಇಲ್ಲಿ ಎರಡೆರಡು ಸೇರಿಸಿ ಸ್ವಿಚ್ಚಿಗೆ ಕೊಟ್ಟು ಫ್ಯೂಸ್ ಹಾಕಿದರೆ ಮುಗಿಯಿತು ಎಂದು ಹೇಳುತ್ತಾ, ನಾಲ್ಕು ಬಿಳಿ ತಂತಿಗಳ ತುದಿ ಸುಲಿದು, ಎರಡನ್ನು ಒಟ್ಟಿಗೆ ಹಿಡಿದು ತಿರುಚಲು ಶುರುಮಾಡಿದ. ನಾನು ಇನ್ನೂ ಆ ಶುಕ್ರವಾರದಲ್ಲೇ ಇದ್ದೆ. ಅವನ ಹೆಬ್ಬೆರಳು ಬಲಕ್ಕೆ ತಿರುಗುವುದು ಕಂಡಿತು, ಬಾಯಿ ತಾನಾಗಿ ತೆರೆಯಿತು.

‘ಬಣ್ಣ ನೋಡ್ದ್ಯಾ ಮಗಾ?’

ಮಂಜಣ್ಣನ ಕೈ ನಿಂತಿತು. ನನ್ನ ಮುಖವನ್ನೇ ನೋಡಿದ. ಮಾತು ಮಾತ್ರವಲ್ಲ, ಆ ರಾಗ, ಕೊನೆಯಲ್ಲಿ ಸ್ವಲ್ಪ ಮೇಲಕ್ಕೇಳುವ ಆ ಎಳೆತ, ಎಲ್ಲವೂ ಅವಳದೇ. ತಾಯಿಯನ್ನೇ ಬದಲಾಯಿಸಿದರೆ ಉಳಿಯುವುದೇನು ಎಂದು ಕೇಳಿದ್ದಳಲ್ಲ, ಇದು ಉಳಿಯುತ್ತದೆ ಎಂದು ಅವಳಿಗೆ ಹೇಳಬೇಕೆನ್ನಿಸಿತು.

ಅವನು ಏನೂ ಕೇಳದೆ ಹೆಬ್ಬೆರಳಿನ ಉಗುರಿನಿಂದ ತಂತಿಗಳ ಮೇಲಿನ ಸುಣ್ಣ ಕೆರೆದ. ಎರಡರ ಕೆಳಗೆ ಕೆಂಪು ಕಪ್ಪು ಬಂತು, ಇನ್ನೆರಡರ ಕೆಳಗೆ ಹಸಿರು ಬಿಳಿ.

‘ಬೇರೆ ಬೇರೆ ಅದಾವೆ,’ ಎಂದ ಮೆಲ್ಲಗೆ. ‘ಸೇರ್ಸಿದ್ರೆ ಏನಾಗ್ತಿತ್ತೋ ಏನೋ. ಈ ಸಣ್ಣವು ಎಲ್ಲಿಗ್ ಹೋಗ್ತಾವೆ?’

ಕಂಪ್ಯೂಟರಿಗೆ, ಬೆಲ್ಲಿನ ಕರೆಂಟು ತಾಗಿದ್ದರೆ ಅದು ಸುಟ್ಟೇ ಹೋಗುತ್ತಿತ್ತು ಎಂದೆ. ಹೊಸ ಬೆಲ್ಲಿಗೆ ಬಾಗಿಲ ಆ ಮಗ್ಗುಲಲ್ಲಿ ಬೇರೆ ಸ್ವಿಚ್ ಹಾಕಲು ಹೇಳಿದೆ, ಪಾರ್ಸೆಲ್ಲಿನವರು ಇನ್ನು ಅದನ್ನು ಒತ್ತಲಿ. ಇದು ಹೀಗೇ ಇರಲಿ. ಮಂಜಣ್ಣ ಹಸಿರು ಬಿಳಿ ತಂತಿಗಳನ್ನು ಮೊದಲಿನಂತೆ ಸ್ವಿಚ್ಚಿಗೆ ಕೊಟ್ಟು ಮುಚ್ಚಳ ಬಿಗಿದ, ಜೇಬಿನಿಂದ ಫ್ಯೂಸ್ ತೆಗೆದು ಹಾಕಿದ. ಮಗಾ ಎಂದದ್ದಕ್ಕೆ ಕ್ಷಮಿಸಿ ಮಂಜಣ್ಣ ಎಂದೆ. ಹಾಗೆ ಕರೆಯುವವರು ಈಗ ಯಾರೂ ಉಳಿದಿಲ್ಲ, ಬಿಡಿ ಎಂದ.

ಸೌಟು ಇನ್ನೂ ಕೈಯಲ್ಲೇ ಇತ್ತು. ಅದನ್ನು ಎಡಗೈಗೆ ಬದಲಾಯಿಸಿಕೊಂಡು, ಹೊರಗೆ ನಿಂತುಕೊಂಡೇ ಸ್ವಿಚ್ ಒತ್ತಿದೆ. ಒಳಗೆ ಹಸಿರು ದೀಪ ಹತ್ತಿತು.